ಎಡಚಿಯ ಪರದೆ

ನಮ್ಮ ಕಂಪನಿಗೆ ಇತ್ತೀಚೆಗೆ ಜ್ಞಾನೋದಯವಾಯಿತು. ಬೇರೆಯವರಿಗೆ ಅದು ಮರದ ಕೆಳಗೆ ಕೂತಾಗ ಆಗುತ್ತದಂತೆ. ನಮ್ಮವರಿಗೆ ಏಸಿ ಹಾಕಿದ ಮೀಟಿಂಗ್ ರೂಮಿನಲ್ಲಿ ಸಮೋಸಾ ತಿನ್ನುವಾಗ ಆಯಿತು. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ ಸಾಹೇಬರು ಡ್ರಾಯಿಂಗ್ ಸೆಕ್ಷನ್ನಿನ ನಟ್ಟನಡುವೆ ನಿಂತು ಸಾರಿದರು: ಇನ್ನು ಮುಂದೆ ಎಲ್ಲರ ಕಂಪ್ಯೂಟರ್ ಪರದೆಯೂ ಒಂದೇ ಥರ ಕಾಣಬೇಕು. ಗಿರಾಕಿಗಳು ಬಂದು ಗಾಜಿನ ಆಚೆ ನಿಂತು ನೋಡಿದಾಗ ಒಬ್ಬೊಬ್ಬರದು ಒಂದೊಂದು ಥರ ಇದ್ದರೆ ಶಿಸ್ತಿಲ್ಲದ ಕಂಪನಿ ಅನ್ನಿಸುತ್ತದಂತೆ. ನಾವು ತೆಗೆದ ನಕ್ಷೆ ಸರಿ ಇದೆಯೋ ಇಲ್ಲವೋ, ಅದು ಆಮೇಲಿನ ಮಾತು ಬಿಡ್ರಿ. ಮೊದಲು ಯೂನಿಫಾರ್ಮು.

ನಾನು ಮಹಾನಂದಾ. ಹುಟ್ಟಿದ್ದು ಆಳಂದದ ಕಡೆ, ಬೆಳೆದದ್ದು ಪಿಂಪ್ರಿಯ ಕಾರ್ಮಿಕರ ಚಾಳಿನಲ್ಲಿ, ಈಗ ಚಿಂಚವಾಡದ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಹೌದ್ರಿ, ಡ್ರಾಫ್ಟ್ಸ್‌ಮನ್ನೇ. ಕೊರಳಿಗೆ ಹಾಕಿಕೊಳ್ಳುವ ಕಾರ್ಡಿನ ಮೇಲೆ ಹಾಗೇ ಬರೆದಿದೆ. ಹೆಂಗಸಿಗೆ ಬೇರೆ ಹೆಸರು ಹುಡುಕುವ ಮೀಟಿಂಗಿಗೆ ಇನ್ನೂ ಸಮೋಸಾ ಬಂದಿಲ್ಲ. ಕಾರಿನ ಬಾಗಿಲು, ಬಾನೆಟ್ಟುಗಳಿಗೆ ಬೆಸುಗೆ ಹಾಕುವಾಗ ಅವು ಅಲುಗಾಡದ ಹಾಗೆ ಗಟ್ಟಿಯಾಗಿ ಹಿಡಿದುಕೊಳ್ಳುವ ಕಬ್ಬಿಣದ ಸಾಮಾನುಗಳಿರುತ್ತವೆ, ಅವುಗಳ ನಕ್ಷೆ ತೆಗೆಯುವುದು ನನ್ನ ಕೆಲಸ. ರಸ್ತೆಯ ಮೇಲೆ ಹೊಸ ಕಾರು ಹೋದರೆ ಮಂದಿ ಅದರ ಬಣ್ಣ ನೋಡುತ್ತಾರೆ, ನಾನು ಬಾಗಿಲಿನ ಸಂದು ನೋಡುತ್ತೇನೆ. ಇಂಥವಳ ಜೊತೆ ಪೇಟೆಗೆ ಬರಲು ನನ್ನ ಗಂಡನಿಗೆ ಬೇಸರ.

ಡ್ರಾಯಿಂಗ್ ಸಾಫ್ಟ್‌ವೇರಿನ ಪರದೆ ಅಂದರೆ ಅಡಿಗೆಕಟ್ಟೆ ಅಂದುಕೊಳ್ಳಿ. ಗೆರೆ ಎಳೆಯುವ ಗುಂಡಿ, ಅಳಿಸುವ ಗುಂಡಿ, ಅಳತೆ ಹಾಕುವ ಗುಂಡಿ ಎಲ್ಲವೂ ಸಾಸಿವೆ, ಜೀರಿಗೆ, ಅರಿಶಿಣದ ಡಬ್ಬಿಗಳಿದ್ದ ಹಾಗೆ. ಯಾವುದನ್ನು ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ಇಟ್ಟುಕೊಂಡು, ಆ ಜೋಡಣೆಗೆ ಒಂದು ಹೆಸರು ಕೊಟ್ಟು ಉಳಿಸಿದರೆ ಮುಗಿಯಿತು. ಮರುದಿನ ಆ ಹೆಸರು ಒತ್ತಿದರೆ ಸಾಕು, ಡಬ್ಬಿಗಳೆಲ್ಲ ಎದ್ದುಬಿದ್ದು ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಆ ಜೋಡಣೆಗೆ ನಾವು ವರ್ಕ್‌ಸ್ಪೇಸ್ ಅನ್ನುತ್ತೇವೆ. ಸೆಕ್ಷನ್ನಿನ ಉಳಿದವರು ತಮ್ಮ ತಮ್ಮ ವರ್ಕ್‌ಸ್ಪೇಸಿಗೆ ತಮ್ಮ ಹೆಸರನ್ನೋ ಮಕ್ಕಳ ಹೆಸರನ್ನೋ ಇಟ್ಟುಕೊಂಡಿದ್ದರು. ನಾನು ಇಟ್ಟಿದ್ದ ಹೆಸರು 'ಮುಟ್ಟಬ್ಯಾಡ್ರಿ'.

ಅವರೆಲ್ಲರ ಪರದೆಯಲ್ಲಿ ಡಬ್ಬಿಗಳ ಸಾಲು ಬಲಗಡೆ, ನನ್ನದರಲ್ಲಿ ಎಡಗಡೆ. ಅವರ ಮೌಸು ಬಲಕ್ಕೆ, ನನ್ನದು ಎಡಕ್ಕೆ. ಒಂದು ಕೈ ಮೌಸಿನ ಮೇಲಿದ್ದಾಗ ಇನ್ನೊಂದು ಕೈ ಕೀಬೋರ್ಡಿನ ಮೇಲೆ ಓಡಾಡುತ್ತಿರುತ್ತದಲ್ಲ, ಅದಕ್ಕಾಗಿ ಅಳಿಸು, ಕತ್ತರಿಸು, ನಕಲು ತೆಗೆ ಅನ್ನುವ ಕೀಲಿಗಳನ್ನೆಲ್ಲ ಎಡ ಅರ್ಧದಿಂದ ಎತ್ತಿ ಬಲ ಅರ್ಧಕ್ಕೆ ತಂದು ಕೂಡಿಸಿದ್ದೆ. ಇದರ ಹಿಂದೆ ದೊಡ್ಡ ಸಿದ್ಧಾಂತವೇನೂ ಇಲ್ಲ. ನಾನು ಎಡಚಿ.

ಎಡಚಿಯಾಗಿ ಬೆಳೆಯುವುದು ಏನು ಅಂತ ಬಲಗೈ ಮಂದಿಗೆ ತಿಳಿಸಿ ಹೇಳುವುದು ಕಷ್ಟ. ಅವರು ಪಾಪ, ಬಾಗಿಲ ಚಿಲಕ ತಮಗಾಗಿಯೇ ಆ ಕಡೆ ಇದೆ ಅನ್ನುವುದನ್ನೂ ಗಮನಿಸಿರುವುದಿಲ್ಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನಾನು ಊಟಕ್ಕೆ ಕೂತಾಗ ತನ್ನ ಹಳೆಯ ಇಳಕಲ್ ಸೀರೆಯ ಅಂಚಿನಿಂದ ನನ್ನ ಎಡಗೈಯನ್ನು ನುಲಿ ಹೆಣೆದ ಹೊರಸಿನ ಕಾಲಿಗೆ ಕಟ್ಟುತ್ತಿದ್ದಳು. ಸಿಟ್ಟಿನಿಂದ ಅಲ್ಲ, ಭಾಳ ಅಕ್ಕರೆಯಿಂದ. "ಬಿಗಿ ಆತೇನ ನನ ಕೂಸೇ?" ಅಂತ ಕೇಳಿ, ಗಂಟು ಒಂಚೂರು ಸಡಿಲ ಮಾಡಿ ಮತ್ತೆ ಕಟ್ಟುತ್ತಿದ್ದಳು. ಒಗೆದೊಗೆದು ಮೆತ್ತಗಾಗಿದ್ದ ಕೆಂಪು ಅಂಚು ಅದು. ಅಷ್ಟು ಮೆತ್ತನೆಯ ಬೇಡಿ ಯಾವ ಕಳ್ಳನಿಗೂ ಸಿಕ್ಕಿರಲಿಕ್ಕಿಲ್ಲ. ಆಯಿ ಗೆದ್ದಳು, ಊಟದ ಮಟ್ಟಿಗೆ. ಬರಹ ಎಡಗೈಗೆ ಉಳಿಯಿತು, ಅನ್ನ ಬಲಗೈಗೆ ಹೋಯಿತು. ಒಂದೇ ಮೈಯಲ್ಲಿ ಎರಡು ಸರಕಾರ.

ರಂಗೋಲಿಯ ಕಥೆ ಇನ್ನೂ ಮಜಾ. ಚಾಳಿನಲ್ಲಿ ನನ್ನಷ್ಟು ಚಂದ ರಂಗೋಲಿ ಹಾಕುವವರು ಯಾರೂ ಇರಲಿಲ್ಲ, ಇದು ನಾನು ಹೇಳುವ ಮಾತಲ್ಲ, ನನ್ನನ್ನು ಕಂಡರೆ ಆಗದ ನೆರೆಮನೆಯವರ ಮಾತು. ಆದರೆ ದೀಪಾವಳಿಗೆ ಎಡಗೈಯ ರಂಗೋಲಿ ಹೊಸ್ತಿಲ ಮುಂದೆ ನಡೆಯುವುದಿಲ್ಲ ಅಂತ ಹೆಂಗಸರೆಲ್ಲ ಕೂಡಿ ತೀರ್ಮಾನ ಮಾಡಿದರು. ಹುಡುಗಿಗೆ ಬೇಸರವಾಗಬಾರದು ಅಂತ ನನಗೆ ಬೇರೆ ಜಾಗ ಕೊಟ್ಟರು: ಸಾರ್ವಜನಿಕ ನಳದ ಮುಂದೆ. ಮನೆಮನೆಯ ಹೊಸ್ತಿಲಿನೆದುರು ಸೊಟ್ಟ ಸೊಟ್ಟ ಕಮಲಗಳು ರಾಜಠೀವಿಯಿಂದ ಕೂತಿರುತ್ತಿದ್ದವು. ನಳದ ಮುಂದೆ ನನ್ನ ನವಿಲು, ಗರಿ ಬಿಚ್ಚಿಕೊಂಡು, ಕೊಡ ಹೊತ್ತವರು ತುಳಿಯಲಿ ಅಂತ ಕಾಯುತ್ತಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದು ನವಿಲೋ ಕೆಸರೋ ಗೊತ್ತಾಗುತ್ತಿರಲಿಲ್ಲ. ನಾನು ಮರುವರ್ಷ ಮತ್ತೆ ಅಲ್ಲೇ ಹಾಕುತ್ತಿದ್ದೆ. ಮಾನ ಮರ್ಯಾದೆ ಇದ್ದವರು ಡ್ರಾಫ್ಟ್ಸ್‌ಮನ್ ಆಗುವುದಿಲ್ಲ ಬಿಡ್ರಿ.

ಆಮೇಲೆ ಐಟಿಐ ಸೇರಿದೆ. ಆಗಿನ್ನೂ ನಕ್ಷೆಯನ್ನು ಹಲಗೆಯ ಮೇಲೆ ಕಾಗದ ಬಿಗಿದು ಕೈಯಿಂದ ತೆಗೆಯಲು ಕಲಿಸುತ್ತಿದ್ದರು. ಹಲಗೆಯ ಎಡ ಮೂಲೆಗೆ ಡ್ರಾಫ್ಟರ್ ಅನ್ನುವ ಕಬ್ಬಿಣದ ತೋಳನ್ನು ಕಚ್ಚಿಸುತ್ತಾರೆ, ಅದರ ತುದಿಗೆ ಎರಡು ಅಳತೆಪಟ್ಟಿ. ನಾನು ಅದನ್ನು ಬಲ ಮೂಲೆಗೆ ಕಚ್ಚಿಸಿಕೊಂಡರೆ ಪಟ್ಟಿಯ ಮೇಲಿನ ಅಂಕಿಗಳೆಲ್ಲ ತಲೆಕೆಳಗಾಗುತ್ತಿದ್ದವು. ನಮ್ಮ ಮಾಸ್ತರರು ನೋಡಿ, "ಹೀ ಮುಲಗೀ ಉಲಟೀಚ ಆಹೇ" ಅಂದರು, ಈ ಹುಡುಗಿಯೇ ಉಲ್ಟಾ ಅಂತ. ನಾನೂ ಹಟಮಾರಿ, ಅಂಕಿಗಳನ್ನು ತಲೆಕೆಳಗಾಗಿಯೇ ಓದಲು ಕಲಿತೆ. ಆ ವಿದ್ಯೆ ಇವತ್ತಿಗೂ ಇದೆ. ಮೇಜಿನ ಆಚೆ ಕೂತ ಸಾಹೇಬರ ಮುಂದೆ ಯಾವ ಕಾಗದವಿದ್ದರೂ ನಾನು ಈಚೆಯಿಂದ ಸಲೀಸಾಗಿ ಓದುತ್ತೇನೆ. ವರ್ಷಕ್ಕೊಮ್ಮೆ ಕೆಲಸದ ಲೆಕ್ಕ ಕೇಳಲು ಕರೆಯುತ್ತಾರಲ್ಲ, ಆಗ ಭಾಳ ಉಪಯೋಗಕ್ಕೆ ಬರುತ್ತದೆ.

ಇಷ್ಟೆಲ್ಲ ಆದಮೇಲೆ ಕಂಪ್ಯೂಟರ್ ಬಂತು, ಅದರ ಜೊತೆ ಈ ಉಳಿಸುವ ಗುಂಡಿ ಬಂತು. ಮೊದಲ ಸಲ ನನ್ನ ಡಬ್ಬಿಗಳನ್ನೆಲ್ಲ ಎಡಗಡೆ ಜೋಡಿಸಿ, ಹೆಸರಿಟ್ಟು, ಉಳಿಸಿ, ಕಂಪ್ಯೂಟರ್ ಆರಿಸಿ ಮನೆಗೆ ಹೋದೆ. ಮರುದಿನ ಹೆದರುತ್ತ ಹೆದರುತ್ತ ಹಚ್ಚಿದೆ. ಎಲ್ಲವೂ ನಾನು ಇಟ್ಟಲ್ಲೇ ಇದ್ದವು. ಯಾರೂ ಎತ್ತಿಟ್ಟಿರಲಿಲ್ಲ, ಯಾರೂ ಸರಿಪಡಿಸಿರಲಿಲ್ಲ, ಯಾರೂ "ಹಿಂಗಲ್ಲವ್ವಾ" ಅಂದಿರಲಿಲ್ಲ. ನನಗೆ ಅಳು ಬಂತು ಅಂದರೆ ನೀವು ನಗುತ್ತೀರಿ. ನಗ್ರಿ, ಬಂದದ್ದು ಖರೆ.

ಇಂಥ ಪರದೆಯ ಮೇಲೆ ಸಾಹೇಬರ ಜ್ಞಾನೋದಯದ ಬೆಳಕು ಬಿತ್ತು. ಎಲ್ಲರಿಗೂ ಬರುವ ಆ ಒಂದೇ ಥರದ ಪರದೆಗೆ ಕಂಪನಿ ಸ್ಟ್ಯಾಂಡರ್ಡ್ ಅಂತ ಹೆಸರಾಯಿತು. ಅದೇ ಹೊತ್ತಿಗೆ ಮನೆಯಲ್ಲೂ ಒಂದು ಸ್ಟ್ಯಾಂಡರ್ಡ್ ಜಾರಿಯಲ್ಲಿತ್ತು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗಳು ಶ್ರಾವಣಿ ಒಂದನೇ ಕ್ಲಾಸು. ಆಕೆಯೂ ಎಡಚಿ. ಆಸ್ತಿ ಅಂತ ನಾನು ಕೊಟ್ಟದ್ದು ಅದೊಂದೇ. ನಮ್ಮ ಅತ್ತೆ ಊರಿಂದ ಬಂದು ನಮ್ಮ ಜೊತೆ ಇರಲು ಶುರುಮಾಡಿದ ಮೇಲೆ ಮೊಮ್ಮಗಳ ಕೈಯ ಕೇಸನ್ನು ತಾವೇ ತೆಗೆದುಕೊಂಡರು. ಅತ್ತೆ ಒಳ್ಳೆಯವರೇ. ಹುಡುಗಿಯ ಮೈ ಬೆಚ್ಚಗಾದರೆ ತಾವು ಉಣ್ಣುವುದನ್ನು ಬಿಡುವವರು. ಕಟ್ಟುವುದು, ಬಡಿಯುವುದು ಅವರಿಗೆ ಆಗಿಬರುವುದಿಲ್ಲ. ಅವರದು ಹೊಸ ಪದ್ಧತಿ.

"ಶ್ರಾವಣೀ, ಎಡಗೈ ತೊಡಿ ಕೆಳಗ ಇಟ್ಕೊಂಡು ಕುಂದ್ರವಾ. ಅದು ಮಲಗ್ಯಾದ, ಎಬ್ಬಿಸಬ್ಯಾಡ."

ಹುಡುಗಿ ತನ್ನ ಕೈಯ ಮೇಲೆ ತಾನೇ ಕೂತುಕೊಂಡು ಬಲಗೈಯಿಂದ ಅನ್ನ ಕಲಸುತ್ತಿತ್ತು. ನೋಡ್ರಿ, ಕಾಲ ಎಷ್ಟು ಸುಧಾರಿಸಿದೆ. ನಮ್ಮ ಕಾಲದಲ್ಲಿ ಕಟ್ಟಲು ಒಬ್ಬರು ಬೇಕಾಗುತ್ತಿತ್ತು.

"ಇರಲಿ ಬಿಡ್ರಿ ಅತ್ತೀ, ಸಣ್ಣಾಕಿ," ಅಂತ ನಾನು ಒಂದು ಸಲ ಅಂದೆ.

"ನಾಳೆ ಮಂದಿ ಮನ್ಯಾಗ ಪಂಕ್ತಿಗೆ ಕುಂತ್ರ ಏನಂತಾರ? ತಾಯಿ ಕಲಿಸಿಲ್ಲ ಅಂತಾರ. ನನಗೇನ್ ಅನ್ನಂಗಿಲ್ಲ, ನಿನಗ ಅಂತಾರ."

ನನ್ನ ಮರ್ಯಾದೆ ಉಳಿಸಲಿಕ್ಕೇ ಇಷ್ಟೆಲ್ಲ ನಡೆದಿದೆ ಅಂತ ತಿಳಿದಮೇಲೆ ಏನು ಮಾತಾಡುವುದು? ಗ್ಯಾಸಿನ ಮೇಲೆ ಏನೋ ಉಕ್ಕಿದ ಹಾಗೆ ನಟಿಸಿ ಎದ್ದುಹೋದೆ. ಮುಂದೆಯೂ ಅಷ್ಟೇ. ಹುಡುಗಿ ಕೈಯ ಮೇಲೆ ಕೂತಾಗಲೆಲ್ಲ ನನ್ನ ಗ್ಯಾಸಿನ ಮೇಲೆ ಏನಾದರೂ ಉಕ್ಕುತ್ತಿತ್ತು. ನನ್ನ ಗಂಡ ತಳೇಗಾಂವದ ಫ್ಯಾಕ್ಟರಿಯಿಂದ ಬಂದವನು ಮೊಬೈಲಿನಲ್ಲಿ ಮುಖ ಹುಗಿಸಿಕೊಂಡು, "ನೀವು ನೀವು ನೋಡ್ಕೋರಿ," ಅನ್ನುತ್ತಿದ್ದ. ಈ ಹುಡುಗಿಯ ಕೈ ಉಳಿಯುತ್ತದೋ ಇಲ್ಲವೋ ಅಂತ ನಾನು ದಿನಾ ಲೆಕ್ಕ ಹಾಕುತ್ತಿದ್ದೆ. ಪರದೆಯ ಡಬ್ಬಿಗಳಿಗಾಗಿ ಕಚ್ಚೆ ಕಟ್ಟಿ ನಿಲ್ಲುವವಳು ನಾನು, ಅತ್ತೆಯ ಮುಂದೆ ಒಗ್ಗರಣೆಯಷ್ಟೂ ಸದ್ದು ಮಾಡಲಿಲ್ಲ.

ಸ್ಟ್ಯಾಂಡರ್ಡ್ ಪರದೆಯನ್ನು ಎಲ್ಲರಿಗೂ ತೊಡಿಸುವ ಕೆಲಸ ನವೀನನ ಪಾಲಿಗೆ ಬಂದಿತ್ತು. ನವೀನ ನಮ್ಮ ಕಂಪ್ಯೂಟರುಗಳ ಯೋಗಕ್ಷೇಮ ನೋಡುವವನು, ಹಾಸನದ ಕಡೆಯವನು. ಇಡೀ ಆಫೀಸಿನಲ್ಲಿ ಕನ್ನಡ ಮಾತಾಡುವವರು ನಾವಿಬ್ಬರೇ. ನನ್ನ ಕನ್ನಡ ಅವನಿಗೆ ಅರ್ಧ ತಿಳಿಯುವುದಿಲ್ಲ, ಅವನದರಲ್ಲಿ ಕನ್ನಡ ಎಲ್ಲಿದೆ ಅಂತ ನಾನು ಹುಡುಕಬೇಕು. ಆದರೂ ಚಹಾದ ಹೊತ್ತಿಗೆ ಒಬ್ಬರನ್ನೊಬ್ಬರು ಬಿಟ್ಟು ಕುಡಿಯುವುದಿಲ್ಲ.

"ನವೀನಾ, ನಂದು ಎಲ್ಲಿ ಹೋತೋ? ಮುಂಜಾನೆ ಹಚ್ಚಿದ್ರ ಡಬ್ಬಿ ಎಲ್ಲಾ ಬಲಕ್ಕ ಬಂದಾವ."

"ಲಾಗಿನ್ ಆದ ತಕ್ಷಣ ಸರ್ವರಿಂದ ಕಂಪನಿ ಸ್ಟ್ಯಾಂಡರ್ಡ್ ಬಂದು ಕೂತ್ಕೊಳುತ್ತೆ ಮೇಡಂ. ಪರ್ಸನಲ್ ವರ್ಕ್‌ಸ್ಪೇಸ್ ಎಲ್ಲ ಡಿಲೀಟ್."

"ಡಿಲೀಟ್ ಮಾಡೂ ಮುಂದ ಒಂದ್ ಮಾತು ಕೇಳಬಾರ್ದಾ?"

"ಸಾಫ್ಟ್‌ವೇರ್ ಕೇಳುತ್ತೆ ಮೇಡಂ. ಕಂಪನಿ ಕೇಳಲ್ಲ."

ಮಾತು ಸುಳ್ಳಲ್ಲ. ಆ ಸಾಫ್ಟ್‌ವೇರಿಗೆ ಎಷ್ಟು ಸಭ್ಯತೆ ಅಂದರೆ, ಒಂದು ಡಬ್ಬಿ ಸರಿಸಿದರೂ "ಬದಲಾವಣೆ ಉಳಿಸಲೇ?" ಅಂತ ಕೇಳುತ್ತದೆ. ನನ್ನ ಜೀವಮಾನದಲ್ಲಿ ನನ್ನ ಎಡಗೈಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದು ಅದೊಂದೇ.

"ಹಂಗಾದ್ರ ನಾ ಏನ್ ಮಾಡ್ಲಿ?"

"ರೈಟ್ ಹ್ಯಾಂಡಲ್ಲಿ ಟ್ರೈ ಮಾಡಿ ನೋಡಿ ಮೇಡಂ. ಅಭ್ಯಾಸ ಆಗುತ್ತೆ."

ಪಾಪ, ಹುಡುಗ ಕೆಟ್ಟವನಲ್ಲ. ಅವನ ಕಪಾಳಕ್ಕೆ ಬಾರಿಸಲು ನನ್ನ ಎಡಗೈ ಎದ್ದದ್ದೂ ಖರೆ. ಸಾಹೇಬರ ಹತ್ತಿರ ಹೋದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು, ಅದು ದೊಡ್ಡವರ ಲಕ್ಷಣ. ಕೇಳಿ ಆದಮೇಲೆ, "ಮ್ಯಾಡಮ್, ಥೋಡಾ ಅಡ್ಜಸ್ಟ್ ಕರಾ," ಅಂದರು, ಸ್ವಲ್ಪ ಹೊಂದಿಕೊಳ್ಳಿ ಅಂತ. ಅಡ್ಜಸ್ಟ್ ಆಗದೆ ಕೆಲಸ ನಿಧಾನವಾದರೆ ಕೆಳಗಿನ ಪ್ರಿಂಟ್ ರೂಮಿನಲ್ಲಿ ಜಾಗ ಖಾಲಿ ಇದೆ ಅಂತಲೂ ನೆನಪಿಸಿದರು. ಪ್ರಿಂಟ್ ರೂಮಿನ ಕೆಲಸ ಅಂದರೆ ಬೇರೆಯವರು ತೆಗೆದ ನಕ್ಷೆಗಳನ್ನು ಮಡಚಿ ಕವರಿಗೆ ತುಂಬುವುದು. ಅದನ್ನು ಎರಡೂ ಕೈಯಿಂದ ಮಾಡಬಹುದು, ತಕರಾರಿಲ್ಲ.

ಅಲ್ಲಿಂದ ನನ್ನ ದಿನಚರಿ ಹೀಗಾಯಿತು: ಮುಂಜಾನೆ ಬಂದು ಡಬ್ಬಿಗಳನ್ನು ಒಂದೊಂದಾಗಿ ಎಡಕ್ಕೆ ಎಳೆಯುವುದು, ಕೀಲಿಗಳನ್ನು ಬಲಕ್ಕೆ ಕೂಡಿಸುವುದು, ಕೆಲಸ ಮಾಡುವುದು, ಸಂಜೆ ಎಲ್ಲ ಉಳಿಸಿ ಮನೆಗೆ ಹೋಗುವುದು. ಮರುದಿನ ಮುಂಜಾನೆ ಎಲ್ಲವೂ ಮತ್ತೆ ಸ್ಟ್ಯಾಂಡರ್ಡ್. ಬಾಡಿಗೆ ಮನೆ ಬದಲಿಸಿದವರಂತೆ ದಿನಾ ಸಾಮಾನು ಜೋಡಿಸುತ್ತಿದ್ದೆ. ಕೆಲಸ ಹಿಂದೆ ಬೀಳತೊಡಗಿತು. ಪ್ರಿಂಟ್ ರೂಮಿನ ಕಡೆ ಹೋಗುವಾಗ ಅಲ್ಲಿ ಕುರ್ಚಿ ಎಂಥದಿದೆ ಅಂತ ಕಣ್ಣು ತಾನಾಗಿಯೇ ಹೊರಳುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಇನ್ನೊಂದು ಮೀಟಿಂಗಾಗಿ, ಸ್ಟ್ಯಾಂಡರ್ಡ್ ಪರದೆಯ ಮೂಲೆಯಲ್ಲಿ ಕಂಪನಿಯ ಲಾಂಛನ ಬೇಕು ಅಂತ ಆಯಿತು. ನವೀನ ಸರ್ವರಿನ ಮೂಲ ಫೈಲಿನ ಬೀಗ ತೆಗೆದು ಲಾಂಛನ ಸೇರಿಸಿದ. ಬೀಗ ಹಾಕುವುದನ್ನು ಮರೆತು ಮನೆಗೆ ಹೋದ. ಇದು ನನಗೆ ಗೊತ್ತಿರಲಿಲ್ಲ. ನಾನು ಎಂದಿನಂತೆ ಸಂಜೆ ಉಳಿಸುವ ಗುಂಡಿ ಒತ್ತಿದೆ. ಚೌಕದಲ್ಲಿ ಕಂಪನಿ ಸ್ಟ್ಯಾಂಡರ್ಡಿನ ಹೆಸರು ಆಗಲೇ ಬರೆದು ಬಂದಿತ್ತು. ಅದನ್ನು ಅಳಿಸಿ 'ಮುಟ್ಟಬ್ಯಾಡ್ರಿ' ಅಂತ ಬರೆಯಬೇಕು, ದಿನಾ ಬರೆಯುವವಳೇ. ಅವತ್ತು ಪಿಂಪ್ರಿ ಮಾರ್ಕೆಟ್ಟಿನಿಂದ ಬದನೆಕಾಯಿ ತರಬೇಕಿತ್ತು, ತಲೆಯೆಲ್ಲ ಬದನೆಕಾಯಿಯೇ. ಈ ಹೆಸರಿನದು ಒಂದು ಇದೆಯಲ್ಲ, ಅದರ ಬದಲು ಇದನ್ನು ಇಡಲೇ, ಅಂತ ಸಾಫ್ಟ್‌ವೇರು ಎಂದಿನ ವಿನಯದಿಂದ ಕೇಳಿತು. ಇಡಪ್ಪಾ, ನಿನ್ನಷ್ಟು ಮರ್ಯಾದಸ್ಥ ಯಾರಿದ್ದಾರೆ, ಅಂತ ಹೌದು ಒತ್ತಿ ಬದನೆಕಾಯಿಗೆ ಓಡಿದೆ.

ಸೋಮವಾರ ಮುಂಜಾನೆ ಇಡೀ ಡ್ರಾಯಿಂಗ್ ಸೆಕ್ಷನ್ ಎಡಗೈಯಲ್ಲಿ ಕಣ್ಣು ಬಿಟ್ಟಿತು.

ನನ್ನ ಪಕ್ಕದ ಮೇಜಿನ ಸಾವಂತ ಗೆರೆ ಅಳಿಸಲು ಹೋದರೆ ಪರದೆಯ ಮೇಲೆ ದೊಡ್ಡದೊಂದು ವೃತ್ತ ಬಂತು. ಮತ್ತೆ ಒತ್ತಿದ, ಇನ್ನೊಂದು ವೃತ್ತ. ಸ್ವಲ್ಪ ಹೊತ್ತಿಗೆ ಅವನ ಕಾರಿನ ಬಾಗಿಲು ದ್ರಾಕ್ಷಿಗೊಂಚಲಿನ ಹಾಗೆ ಕಾಣತೊಡಗಿತು. ಹಿಂದಿನ ಸಾಲಿನವರೊಬ್ಬರು ಡಬ್ಬಿಗಳ ಸಾಲು ಹುಡುಕುತ್ತ ಬಲಗಡೆಯ ಗೋಡೆಯವರೆಗೂ ಕಣ್ಣು ಹಾಯಿಸಿದರು. ನನಗೆ ಏನು ನಡೆದಿದೆ ಅಂತ ಒಂದೇ ಏಟಿಗೆ ತಿಳಿಯಿತು. ಪ್ರಿಂಟ್ ರೂಮೂ ಇಲ್ಲ, ಇನ್ನು ಸೀದಾ ಮನೆಯೇ ಅಂದುಕೊಂಡೆ.

ಅಷ್ಟರಲ್ಲಿ ಸಾಹೇಬರು ಬಂದರು. ಸಾಲುಸಾಲಾಗಿ ನಡೆದು ಎಲ್ಲ ಪರದೆಗಳನ್ನೂ ನೋಡಿದರು. ಎಲ್ಲವೂ ಒಂದೇ ಥರ! ಮುಖ ಅರಳಿತು. ಅವರು ನಕ್ಷೆ ತೆಗೆಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಡಬ್ಬಿ ಎಡಕ್ಕಿದ್ದರೇನು, ಬಲಕ್ಕಿದ್ದರೇನು? ಮೂಲೆಯಲ್ಲಿ ಲಾಂಛನವೂ ಹೊಳೆಯುತ್ತಿತ್ತು. ಸಾವಂತ ಎದ್ದು ನಿಂತು ಕಷ್ಟ ತೋಡಿಕೊಂಡ. ಸಾಹೇಬರು ಅವನ ಭುಜ ತಟ್ಟಿ, "ಹೊಸದು ಬಂದಾಗ ಹೀಗೇ ಅನ್ನಿಸುತ್ತದೆ. ಥೋಡಾ ಅಡ್ಜಸ್ಟ್ ಕರಾ," ಅಂದರು.

ಆ ವಾರದಷ್ಟು ಸುಖ ನಾನು ಮದುವೆಯಲ್ಲೂ ಪಟ್ಟಿಲ್ಲ. ಬಲಗೈಯ ಮಹನೀಯರೆಲ್ಲ ಮೌಸನ್ನು ಒಮ್ಮೆ ಆಚೆ, ಒಮ್ಮೆ ಈಚೆ ಇಟ್ಟುಕೊಂಡು ಒದ್ದಾಡಿದರು. ಮೊಳಕೈ ಮೊಳಕೈಗೆ ತಾಗಿತು. ಸೆಕ್ಷನ್ನಿನ ತುಂಬ ನೋವಿನ ಮುಲಾಮಿನ ವಾಸನೆ. ನಾನೊಬ್ಬಳೇ ಊಟದ ಬಿಡುವಿಗೆ ಮುಂಚೆ ಕೆಲಸ ಮುಗಿಸಿ ಉಗುರು ನೋಡಿಕೊಳ್ಳುತ್ತ ಕೂತಿರುತ್ತಿದ್ದೆ.

"ಮ್ಯಾಡಮ್, ತುಮ್ಹಾಲಾ ತ್ರಾಸ ಹೋತ ನಾಹೀ?" ನಿಮಗೆ ತೊಂದರೆ ಆಗುತ್ತಿಲ್ಲವೇ ಅಂತ ಸಾವಂತ ಭುಜ ತಿಕ್ಕಿಕೊಳ್ಳುತ್ತ ಕೇಳಿದ.

"ಸವಯ ಹೋತೇ," ಅಂದೆ. ಅಭ್ಯಾಸ ಆಗುತ್ತದೆ. ಈ ಮಾತನ್ನು ಇನ್ನೊಬ್ಬರಿಗೆ ಹೇಳಲು ಇಷ್ಟು ರುಚಿಯಾಗಿರುತ್ತದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಜನ ಯಾಕೆ ಇದನ್ನು ಬಿಡದೆ ಹೇಳುತ್ತಾರೆ ಅಂತ ತಿಳಿಯಿತು.

ವಾರದ ಕೊನೆಗೆ ನವೀನ ಮುಖ ಬಾಡಿಸಿಕೊಂಡು ಚಹಾದ ಗಾಡಿಯ ಹತ್ತಿರ ಬಂದ.

"ಮೇಡಂ, ಸ್ಟ್ಯಾಂಡರ್ಡ್ ಫೈಲ್ ಲಾಸ್ಟ್ ಸೇವ್ ಆಗಿರೋದು ನಿಮ್ಮ ಲಾಗಿನ್‌ನಿಂದ."

ನಾನು ಚಹಾ ನುಂಗಿದೆ. "ಮತ್ತ ಸಾಹೇಬ್ರಿಗೆ ಹೇಳ್ತೀಯೇನು?"

"ಹೇಗೆ ಹೇಳ್ಲಿ? ಲಾಕ್ ಮಾಡದೆ ಹೋಗಿದ್ದು ನಾನೇ."

ಇಬ್ಬರೂ ಇನ್ನೊಂದೊಂದು ಚಹಾ ಹೇಳಿದೆವು. ಕನ್ನಡಿಗರ ಒಗ್ಗಟ್ಟಿಗೆ ಇದಕ್ಕಿಂತ ಗಟ್ಟಿ ಬುನಾದಿ ನಾನಂತೂ ಕಂಡಿಲ್ಲ. ಆಮೇಲೆ ನವೀನನೇ ದಾರಿ ಹುಡುಕಿದ. ಸರ್ವರಿನಲ್ಲಿ ಎರಡು ಸ್ಟ್ಯಾಂಡರ್ಡ್ ಇಟ್ಟ. ಒಂದು ಬಲದ್ದು, ಒಂದು ಎಡದ್ದು, ಯಾರಿಗೆ ಯಾವುದು ಬೇಕೋ ಆರಿಸಿಕೊಳ್ಳಬಹುದು. ಸಾಹೇಬರಿಗೆ, ಸಿಬ್ಬಂದಿಯ ಆರೋಗ್ಯದ ದೃಷ್ಟಿಯಿಂದ ಇದು ಈಗಿನ ಪದ್ಧತಿ ಸರ್, ಅಂದ. ಸಾಹೇಬರಿಗೆ ಎರಡನೇ ಜ್ಞಾನೋದಯವಾಯಿತು. ಈಗ ಗಿರಾಕಿಗಳು ಬಂದರೆ ಗಾಜಿನ ಆಚೆಯಿಂದ ನನ್ನ ಕಡೆ ಬೆರಳು ತೋರಿಸಿ, ನಮ್ಮಲ್ಲಿ ಎಡಚರಿಗೂ ಪ್ರತ್ಯೇಕ ವ್ಯವಸ್ಥೆ ಇದೆ, ಅಂತ ಹೆಮ್ಮೆಯಿಂದ ಹೇಳುತ್ತಾರೆ. ಪ್ರಾಣಿಸಂಗ್ರಹಾಲಯದ ಬಿಳಿ ಹುಲಿಯ ಹಾಗೆ ನಾನು ಎಡಗೈ ಎತ್ತಿ ಆಡಿಸುತ್ತೇನೆ.

ಈ ಗೆಲುವಿನ ಅಮಲಿನಲ್ಲಿಯೇ ಭಾನುವಾರ ಬಂತು. ಸೊಲ್ಲಾಪುರದಿಂದ ಅತ್ತೆಯ ತಮ್ಮ, ಅವರ ಹೆಂಡತಿ ಊಟಕ್ಕೆ ಬಂದಿದ್ದರು. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ. ಚಾಪೆ ಹಾಸುತ್ತ, ತಾಟು ಇಡುತ್ತ ನಾನು ಆಫೀಸಿನ ಕಥೆಯನ್ನು ಇನ್ನಷ್ಟು ಉಪ್ಪುಖಾರ ಹಚ್ಚಿ ಹೇಳಿದೆ. ಸಾವಂತನ ದ್ರಾಕ್ಷಿಗೊಂಚಲಿಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವರು ನಮ್ಮ ಅತ್ತೆಯೇ.

"ಚಲೋ ಆತು ಆ ಮಂದಿಗೆ! ತಮ್ಮದೇ ಖರೇ ಅಂತಿದ್ರಲ್ಲ!" ಅಂದರು ಸೆರಗಿನಿಂದ ಕಣ್ಣು ಒರೆಸಿಕೊಂಡು.

ಆಗ ಶ್ರಾವಣಿ ಕೈ ತೊಳೆದುಕೊಂಡು ಬಂದಳು. ಯಾರೂ ಅವಳಿಗೆ ಏನೂ ಹೇಳಲಿಲ್ಲ. ಅತ್ತೆ ಇನ್ನೂ ನಗುತ್ತಲೇ ಇದ್ದರು, ಅವಳ ಕಡೆ ನೋಡಿಯೂ ಇರಲಿಲ್ಲ. ಹುಡುಗಿ ಚಾಪೆಯ ಮೇಲೆ ಎಡಗೈ ಊರಿ, ಅದರ ಮೇಲೆ ತೊಡೆ ಇಟ್ಟು, ಅಚ್ಚುಕಟ್ಟಾಗಿ ಕೂತು, ಬಲಗೈಯನ್ನು ತಾಟಿನ ಕಡೆ ಚಾಚಿದಳು.

ನಾನು ಅಡಿಗೆಮನೆಯ ಕಡೆ ನೋಡಿದೆ. ಈ ಸಲ ಗ್ಯಾಸಿನ ಮೇಲೆ ಏನೂ ಇರಲಿಲ್ಲ, ಎಲ್ಲ ಆರಿಸಿ ಬಂದಿದ್ದೆ. ಎದ್ದುಹೋಗಲು ನೆಪವಿರಲಿಲ್ಲ.

ಏನು ಮಾಡಬೇಕು ಅಂತ ಯೋಚಿಸಿದ್ದರೆ ಏನೂ ಮಾಡುತ್ತಿರಲಿಲ್ಲ. ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಎಡಗೈಯನ್ನು ತಾಟಿಗೆ ಹಾಕಿದೆ.

ಅತ್ತೆಯ ತಮ್ಮ ತಾಟನ್ನೇ ನೋಡತೊಡಗಿದರು. ಅವರ ಹೆಂಡತಿ ನೀರಿನ ಲೋಟ ಎತ್ತಿಕೊಂಡರು. ನನ್ನ ಗಂಡ ಮೊಬೈಲನ್ನು ಕೆಳಗಿಟ್ಟ, ಆ ಮಟ್ಟದ ಅನಾಹುತ. ಅತ್ತೆಯ ನಗು ಮಾಸಲಿಲ್ಲ, ಮುಖದ ಮೇಲೆ ಇದ್ದಲ್ಲೇ ಗಟ್ಟಿಯಾಗಿ ನಿಂತಿತು. ನಾನು ಯಾರ ಕಡೆಯೂ ನೋಡದೆ ಅನ್ನಕ್ಕೆ ಸಾರು ಕಲಸಿ, ದೊಡ್ಡ ಶೂರೆಯ ಹಾಗೆ ತುತ್ತು ಎತ್ತಿದೆ.

ತುತ್ತು ಬಾಯಿಗೆ ಮುಟ್ಟಲಿಲ್ಲ. ನಡುದಾರಿಯಲ್ಲೇ ಬೆರಳ ಸಂದಿಯಿಂದ ಜಾರಿ ಅರ್ಧ ಸೀರೆಗೆ, ಅರ್ಧ ಚಾಪೆಗೆ ಬಿತ್ತು. ಸಾರು ಮೊಳಕೈವರೆಗೆ ಇಳಿಯಿತು. ಇನ್ನೊಂದು ಸಲ ಎತ್ತಿದೆ. ಹೆಬ್ಬೆರಳಿಗೆ ತನ್ನ ಕೆಲಸವೇ ಗೊತ್ತಿಲ್ಲ. ಕೂದಲೆಳೆಯಷ್ಟು ಗೆರೆ ತಪ್ಪದ ಕೈ, ನಳದ ಮುಂದೆ ನವಿಲು ಬಿಡಿಸಿದ ಕೈ, ಒಂದು ತುತ್ತು ಅನ್ನ ಎತ್ತಲು ಬಾರದೆ ತಾಟಿನಲ್ಲಿ ಕೂಸಿನ ಹಾಗೆ ಪರದಾಡುತ್ತಿತ್ತು. ಆಯಿ ಎಷ್ಟು ಚೆನ್ನಾಗಿ ಕಟ್ಟಿದ್ದಳು ಅಂತ ಅವತ್ತು ಗೊತ್ತಾಯಿತು. ಗಂಟು ಬಿಚ್ಚಿ ಇಷ್ಟು ವರ್ಷವಾದರೂ ಕೈ ಅಲ್ಲೇ ಹೊರಸಿನ ಕಾಲಿಗೇ ಉಳಿದಿತ್ತು. ಕಣ್ಣು ತುಂಬಿ ತಾಟು ಮಂಜಾಯಿತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು, ಯಾರ ಮೇಲೆ ಅಂತ ಹೇಳಲಾರೆ.

ಪಕ್ಕದಿಂದ ಕಿಲಕಿಲ ನಗು ಕೇಳಿತು. ಶ್ರಾವಣಿ ನನ್ನನ್ನೇ ನೋಡುತ್ತಿದ್ದಳು.

"ಮಮ್ಮೀ, ಹಂಗಲ್ಲ!"

ಅವಳು ತೊಡೆಯ ಕೆಳಗಿಂದ ಎಡಗೈ ಎಳೆದುಕೊಂಡಳು. ಅಂಗೈ ಮೇಲೆ ಚಾಪೆಯ ಗೆರೆಗಳು ಕೆಂಪಗೆ ಒತ್ತಿಕೊಂಡಿದ್ದವು. ಅದೇ ಕೈಯಿಂದ ಅನ್ನ ಕಲಸಿ, ಸಣ್ಣ ತುತ್ತು ಮಾಡಿ, ಒಂದು ಅಗುಳು ಕೆಳಗೆ ಬೀಳದ ಹಾಗೆ ಬಾಯಿಗಿಟ್ಟುಕೊಂಡಳು.

"ಎಲ್ಲಿ ಕಲಿತಿ?" ಅಂದೆ.

"ಸಾಲ್ಯಾಗ ಡಬ್ಬಿ ಊಟ ಹಿಂಗೇ ಮಾಡ್ತೀನಿ. ದಿನಾ." ಅಂದವಳೇ ತಪ್ಪಿ ಬಾಯಿಬಿಟ್ಟೆ ಅಂತ ನೆನಪಾಗಿ ಅಜ್ಜಿಯ ಕಡೆ ನೋಡಿದಳು. ಕೈ ಮತ್ತೆ ತೊಡೆಯ ಕಡೆ ಸರಿಯತೊಡಗಿತು.

ಅತ್ತೆ ಆ ಕೈಯನ್ನು ನೋಡಿದರು. ಚಾಪೆಯ ಗೆರೆಗಳನ್ನು ನೋಡಿದರು. ಆಮೇಲೆ ನನ್ನ ಸೀರೆಯ ಮೇಲೆ ಬಿದ್ದ ಅನ್ನ ನೋಡಿದರು. ಅವರು ಅನ್ನದ ಪಾತ್ರೆ ಹತ್ತಿರ ಎಳೆದುಕೊಂಡು ನನ್ನ ತಾಟಿಗೆ ಇನ್ನೊಂದು ಸೌಟು ಹಾಕಿದರು.

"ನಿಮ್ಮವ್ವ ಅರ್ಧಾ ಊಟಾ ಚಾಪಿಗೇ ಉಣಿಸ್ಯಾಳ," ಅಂದರು ಮೊಮ್ಮಗಳಿಗೆ. "ಬರೋಬ್ಬರಿ ತೋರಿಸಿ ಕೊಡಬಾರ್ದಾ ಆಕಿಗೆ?"

ಶ್ರಾವಣಿ ನನ್ನ ಹತ್ತಿರಕ್ಕೆ ಸರಿದು ಕೂತಳು. "ಹೆಬ್ಬೆಟ್ಟಿಲೆ ಹಿಂದಿಂದ ನೂಕಬೇಕು ಮಮ್ಮೀ. ನೋಡಿಲ್ಲಿ, ಹಿಂಗ."

ನಾನು ಅವಳ ಕೈ ನೋಡುತ್ತ ತುತ್ತು ಎತ್ತಿದೆ. ಹೆಬ್ಬೆರಳಿನಿಂದ ಹಿಂದಿನಿಂದ ನೂಕಿದೆ. ಈ ಸಲ ಅನ್ನ ಬಾಯಿಗೆ ಬಂತು.